ತಪ್ಪಿದ ರೋಗನಿರ್ಣಯ: ಪ್ರಮಾದವೋ, ನಿರ್ಲಕ್ಷ್ಯವೋ?

ನನ್ನ ತಮ್ಮ ತೀರಿಕೊಂಡದ್ದು 2016ರ ಜನವರಿಯಲ್ಲಿ. ಅವನಿಗಾಗ 52 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಬಿಡುತ್ತೇನೆಂದು ಪ್ರತಿ ಯುಗಾದಿಗೂ ಮಾತು ಕೊಡುತ್ತಿದ್ದ ಸಿಗರೇಟೂ ಇತ್ತು. ಅಂದು ರಾತ್ರಿ ಊಟವಾದ ಮೇಲೆ ಎದೆಯ ಕೆಳಭಾಗದಲ್ಲಿ ಉರಿ, ಮೈಯೆಲ್ಲ ಬೆವರು, ಎಡ ದವಡೆಯಲ್ಲಿ ಒಂದು ಬಗೆಯ ಸೆಳೆತ. ಮಗ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದ. ಕರ್ತವ್ಯದಲ್ಲಿದ್ದ ವೈದ್ಯರು ಹೊಟ್ಟೆ ಒತ್ತಿ ನೋಡಿ 'ಗ್ಯಾಸ್ಟ್ರಿಕ್' ಎಂದರು. ಒಂದು ಚುಚ್ಚುಮದ್ದು ಕೊಟ್ಟು, ಮೂರು ದಿನಕ್ಕೆ ಮಾತ್ರೆ ಬರೆದು ಕಳುಹಿಸಿದರು. ಬೆಳಗಿನ ಜಾವ ಮೂರಕ್ಕೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದಾಗ ಅಲ್ಲಿ ಮೊದಲು ಮಾಡಿದ ಕೆಲಸವೇ ಇಸಿಜಿ. ಭಾರಿ ಹೃದಯಾಘಾತವೆಂದು ಅದು ಹೇಳಿತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು.

ಮೂರನೆಯ ದಿನ ಮನೆಯ ಜಗಲಿಯಲ್ಲಿ ಸೇರಿದ ಬಂಧುಗಳಲ್ಲಿ ಎರಡು ಮತಗಳಿದ್ದವು. ನರ್ಸಿಂಗ್ ಹೋಮಿನ ಮುಂದೆ ಧರಣಿ ಕೂರಬೇಕೆಂಬುದು ಒಂದು. ಪೊಲೀಸರಿಗೆ ದೂರು ಕೊಟ್ಟು ವೈದ್ಯನನ್ನು ಒಳಗೆ ಹಾಕಿಸಬೇಕೆಂಬುದು ಇನ್ನೊಂದು. ಎರಡು ಗುಂಪುಗಳೂ ನನ್ನ ಮುಖ ನೋಡಿದವು. ನಾನಾಗ ಸರ್ಕಾರಿ ಸೇವೆಯಲ್ಲಿದ್ದೆ. ಒಂದು ಫೋನ್ ಮಾಡಿದರೆ ಕೆಲಸವಾದೀತೆಂಬುದು ಅವರ ನಂಬಿಕೆ. ತಮ್ಮನ ಹೆಂಡತಿ ಮಾತ್ರ ಬೇರೆಯೇ ಪ್ರಶ್ನೆ ಕೇಳಿದಳು: 'ಆ ಯಂತ್ರ ಅಲ್ಲೂ ಇತ್ತಂತಲ್ಲ ಭಾವ, ಯಾಕೆ ಹಾಕಲಿಲ್ಲ?'

ರೋಗವನ್ನು ಗುರುತಿಸಲು ತಪ್ಪಿದ ವೈದ್ಯ ಯಾವಾಗ ಕಾನೂನಿನ ಮುಂದೆ ತಪ್ಪಿತಸ್ಥನಾಗುತ್ತಾನೆ ಎಂಬ ಜಿಜ್ಞಾಸೆಯ ತಿರುಳು ಆ ಪ್ರಶ್ನೆಯಲ್ಲೇ ಇದೆ ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಮೊದಲು ಪೊಲೀಸ್ ದೂರಿನ ವಿಷಯ. ವೈದ್ಯರ ಮೇಲಿನ ಕ್ರಿಮಿನಲ್ ಮೊಕದ್ದಮೆಗಳ ಬಗ್ಗೆ ಸುಪ್ರೀಂ ಕೋರ್ಟು 2005ರ ಆಗಸ್ಟಿನಲ್ಲಿ, ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿಯವರ ನೇತೃತ್ವದ ಪೀಠದ ಮೂಲಕ, ಸ್ಪಷ್ಟವಾದ ಗೆರೆಯೆಳೆದಿದೆ. ಸಾಮಾನ್ಯ ಎಚ್ಚರಗೇಡಿತನ ಸಾಲದು, 'ಘೋರ' ಎನ್ನಬಹುದಾದ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯ ಅಪರಾಧಿಯಾಗುತ್ತಾನೆ. ತನಿಖಾಧಿಕಾರಿ ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು. ದೂರು ಬಂತೆಂಬ ಒಂದೇ ಕಾರಣಕ್ಕೆ ಬಂಧಿಸಕೂಡದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ನಿರ್ಲಕ್ಷ್ಯದ ಸಾವಿಗೆ ಇತರರಿಗೆ ಐದು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿ, ಚಿಕಿತ್ಸೆ ನೀಡುತ್ತಿದ್ದ ನೋಂದಾಯಿತ ವೈದ್ಯರಿಗೆ ಅದನ್ನು ಎರಡಕ್ಕೆ ಮಿತಿಗೊಳಿಸಿದೆ. ಇದು ವೈದ್ಯರಿಗೆ ತೋರಿದ ಪಕ್ಷಪಾತವೆಂದು ಹಲವರು ಆಕ್ಷೇಪಿಸುತ್ತಾರೆ. ನಾನು ಒಪ್ಪುವುದಿಲ್ಲ. ಎದುರು ಕುಳಿತ ರೋಗಿ ಸತ್ತರೆ ಜೈಲು ಎಂಬ ಭಯವಿದ್ದರೆ ಗಂಭೀರ ಸ್ಥಿತಿಯ ರೋಗಿಯನ್ನು ಯಾವ ಸಣ್ಣ ಊರಿನ ವೈದ್ಯನೂ ಮುಟ್ಟಲಾರ. ಬಾಗಿಲಿನಿಂದಲೇ 'ಮುಂದಕ್ಕೆ ಕರೆದುಕೊಂಡು ಹೋಗಿ' ಎಂದುಬಿಡುತ್ತಾನೆ. ಈಗಲೇ ಹಾಗೆನ್ನುವವರಿಗೆ ಕೊರತೆಯಿಲ್ಲ.

ಪರಿಹಾರದ ಮಾತು ಬೇರೆ. 1995ರ ನವೆಂಬರಿನ ತೀರ್ಪೊಂದರಿಂದ ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬಂತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. 2019ರ ಹೊಸ ಕಾಯ್ದೆಯಲ್ಲಿ ವೈದ್ಯಕೀಯ ಸೇವೆಯ ಹೆಸರಿಲ್ಲವೆಂಬ ವಾದ ಎದ್ದಿತು. 2024ರ ಮೇ ತಿಂಗಳಲ್ಲಿ, ವಕೀಲರ ಪ್ರಕರಣವೊಂದನ್ನು ತೀರ್ಮಾನಿಸುವಾಗ, ಸುಪ್ರೀಂ ಕೋರ್ಟಿನ ಪೀಠವೊಂದು 1995ರ ತೀರ್ಪನ್ನು ಮರುಪರಿಶೀಲಿಸಬೇಕೆಂದು ಹೇಳಿದ್ದೂ ಉಂಟು; ಆದರೆ ಅದೇ ವರ್ಷದ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲವೆಂದಿತು. ಆದ್ದರಿಂದ ರೋಗಿ ಇಂದಿಗೂ ಗ್ರಾಹಕನೇ. ಇಲ್ಲಿ ನಿರ್ಲಕ್ಷ್ಯ ಘೋರವಾಗಿರಬೇಕೆಂದಿಲ್ಲ, ನಿರ್ಲಕ್ಷ್ಯವಾಗಿದ್ದರೆ ಸಾಕು.

ಹಾಗಾದರೆ ನಿರ್ಲಕ್ಷ್ಯವೆಂದರೇನು? ನಮ್ಮ ನ್ಯಾಯಾಲಯಗಳು ಬಳಸುವ ಅಳತೆಗೋಲು 1957ರ ಇಂಗ್ಲೆಂಡಿನದು. ವಿದ್ಯುತ್ ಆಘಾತ ಚಿಕಿತ್ಸೆಗೆ ಸಂಬಂಧಿಸಿದ 'ಬೋಲಮ್' ಎಂಬ ಪ್ರಕರಣದಲ್ಲಿ ನ್ಯಾಯಾಧೀಶ ಮೆಕ್‌ನೇರ್ ತೀರ್ಪುಗಾರರಿಗೆ ತಿಳಿಹೇಳಿದ ಸೂತ್ರವಿದು: ಆ ವಿದ್ಯೆಯಲ್ಲಿ ಪರಿಣತರಾದ, ಜವಾಬ್ದಾರಿಯುತ ವೈದ್ಯರ ಒಂದು ವರ್ಗ ಸರಿಯೆಂದು ಒಪ್ಪುವ ಪದ್ಧತಿಯಂತೆ ನಡೆದುಕೊಂಡಿದ್ದರೆ ವೈದ್ಯ ನಿರ್ಲಕ್ಷ್ಯದ ದೋಷಿಯಲ್ಲ. ದೇಶದ ಅತ್ಯುತ್ತಮ ತಜ್ಞ ಏನು ಮಾಡುತ್ತಿದ್ದ ಎಂಬುದು ಪ್ರಶ್ನೆಯಲ್ಲ. ಸಾಧಾರಣ ಸಾಮರ್ಥ್ಯದ, ಎಚ್ಚರವುಳ್ಳ ವೈದ್ಯ ಏನು ಮಾಡುತ್ತಿದ್ದ ಎಂಬುದಷ್ಟೇ ಪ್ರಶ್ನೆ. ನಿರ್ಣಯ ತಪ್ಪಾಯಿತೆಂಬುದೇ ನಿರ್ಲಕ್ಷ್ಯಕ್ಕೆ ಪುರಾವೆಯಲ್ಲ.

ಕಚೇರಿಯಲ್ಲಿ ಮೂರು ದಶಕ ಕಳೆದ ನನಗೆ ಇದು ಕಡತದ ಭಾಷೆಯಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಒಮ್ಮೆ ಕೆರೆಯ ಏರಿ ಒಡೆದ ಪ್ರಕರಣದಲ್ಲಿ ಒಬ್ಬ ಎಂಜಿನಿಯರರ ಮೇಲಿನ ಇಲಾಖಾ ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಏರಿ ಒಡೆದದ್ದು ನಿಜ, ಗದ್ದೆಗಳು ಕೊಚ್ಚಿಹೋದದ್ದು ನಿಜ. ಆದರೆ ನಾನು ನೋಡಬೇಕಾದದ್ದು ಅದನ್ನಲ್ಲ. ಕೋಡಿಯ ಅಗಲವನ್ನು ನಿಗದಿ ಮಾಡುವಾಗ ಆತನ ಮುಂದೆ ಯಾವ ಮಾಹಿತಿಯಿತ್ತು, ಹಿಂದಿನ ವರ್ಷಗಳ ಮಳೆಯ ಲೆಕ್ಕವನ್ನು ತರಿಸಿ ನೋಡಿದರೆ, ಟಿಪ್ಪಣಿ ಹಾಳೆಯಲ್ಲಿ ಕಾರಣ ಬರೆದರೆ? ಆತ ನೋಡಿದ್ದರು, ಬರೆದಿದ್ದರು. ಮಳೆ ಆ ಲೆಕ್ಕವನ್ನೇ ಮೀರಿ ಸುರಿದಿತ್ತು. ದೋಷಮುಕ್ತರೆಂದು ಬರೆದೆ. ಏರಿ ಒಡೆಯದಿದ್ದರೂ, ಮಳೆಯ ಲೆಕ್ಕವನ್ನೇ ನೋಡದೆ ಸಹಿ ಹಾಕಿದ್ದರೆ ಅದು ಕರ್ತವ್ಯಲೋಪವೇ ಆಗುತ್ತಿತ್ತು. ಫಲಿತಾಂಶ ತಿಳಿದ ಮೇಲೆ ಎಲ್ಲರೂ ಜಾಣರು. ಮನುಷ್ಯರಿಗೆ ಹಿಂದಿನದು ಮೊದಲೇ ಗೋಚರವಾಗಿತ್ತೆನಿಸುವ ಭ್ರಮೆಯುಂಟೆಂದು ಮನಶ್ಶಾಸ್ತ್ರಜ್ಞ ಬರೂಕ್ ಫಿಷಾಫ್ 1975ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರ ಬರೆದವರಿಗೆ ಅದನ್ನು ತಿಳಿಯಲು ಪ್ರಯೋಗ ಬೇಕಿರಲಿಲ್ಲ.

ರೋಗನಿರ್ಣಯವೂ ಹೀಗೆಯೇ. ಕೇಳಬೇಕಾದದ್ದನ್ನು ಕೇಳಿ, ಮುಟ್ಟಬೇಕಾದಲ್ಲಿ ಮುಟ್ಟಿ, ಮಾಡಿಸಬೇಕಾದ ಪರೀಕ್ಷೆಯನ್ನು ಮಾಡಿಸಿ, ಕೊನೆಗೆ ತಪ್ಪು ತೀರ್ಮಾನಕ್ಕೆ ಬಂದವನದು ಪ್ರಮಾದ. ಆ ದಾರಿಯನ್ನೇ ತುಳಿಯದವನದು ನಿರ್ಲಕ್ಷ್ಯ. ಆತನ ಊಹೆ ಅದೃಷ್ಟವಶಾತ್ ಸರಿಯಾದರೂ ಅದು ನಿರ್ಲಕ್ಷ್ಯವೇ, ದೂರು ಕೊಡುವವರಿರುವುದಿಲ್ಲ ಅಷ್ಟೆ.

ಈ ವ್ಯತ್ಯಾಸವನ್ನು ಅರಿಯಲು 2010ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣವೊಂದನ್ನು ಓದಬೇಕು. ಅಂದಿನ ಆಂಧ್ರಪ್ರದೇಶದಲ್ಲಿ ನಡೆದದ್ದು. ದೂರುದಾರರು, ವಿಧಿಯ ವ್ಯಂಗ್ಯವೆಂಬಂತೆ, ಮಲೇರಿಯಾ ಇಲಾಖೆಯ ಅಧಿಕಾರಿ. ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ ಮತ್ತು ಚಳಿಯಿಂದ ನರಳುತ್ತಿದ್ದ ಪತ್ನಿಯನ್ನು ಅವರು 2002ರ ಜುಲೈ 20ರಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಬಿಟ್ಟು ಬರುವ ಜ್ವರ, ಜೊತೆಗೆ ಚಳಿ ಎಂದರೆ ನಮ್ಮ ಹಳ್ಳಿಯ ಹಿರಿಯರೂ ಯಾವ ಜ್ವರವೆಂದು ಹೇಳಿಯಾರು. ಆಸ್ಪತ್ರೆ ಟೈಫಾಯಿಡಿಗೆ ಚಿಕಿತ್ಸೆ ನೀಡಿತು. ನಾಲ್ಕು ದಿನಗಳಲ್ಲಿ ಸ್ಥಿತಿ ಕೈಮೀರಿ, 24ರ ರಾತ್ರಿ ಬೇರೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಆಕೆಯಲ್ಲಿ ಜೀವ ಇದ್ದೂ ಇಲ್ಲದಂತಾಗಿತ್ತು. ಎರಡನೆಯ ಆಸ್ಪತ್ರೆಯ ಮರಣ ಪ್ರಮಾಣಪತ್ರದಲ್ಲಿ ಮಲೇರಿಯಾ ಎಂಬ ಪದವಿತ್ತು.

ಜಿಲ್ಲಾ ವೇದಿಕೆ ದೂರನ್ನು ಎತ್ತಿಹಿಡಿದು ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ರಾಜ್ಯ ಆಯೋಗ ಅದನ್ನು ರದ್ದು ಮಾಡಿತು; ಕಾರಣ, ದೂರುದಾರರು ತಜ್ಞರ ಸಾಕ್ಷ್ಯ ಹಾಜರುಪಡಿಸಿಲ್ಲ. ರಾಷ್ಟ್ರೀಯ ಆಯೋಗವೂ ಹೌದೆಂದಿತು. ಯೋಚಿಸಿ ನೋಡಿ: ಒಬ್ಬ ವೈದ್ಯನ ವಿರುದ್ಧ ಇನ್ನೊಬ್ಬ ವೈದ್ಯ ಸಾಕ್ಷಿ ಹೇಳಬೇಕು, ಅಂಥವರನ್ನು ಹುಡುಕುವ ಹೊಣೆ ಹೆಂಡತಿಯನ್ನು ಕಳೆದುಕೊಂಡ ಗಂಡನದು. ಕೊನೆಗೆ ನ್ಯಾಯಮೂರ್ತಿಗಳಾದ ಸಿಂಘ್ವಿ ಮತ್ತು ಗಂಗೂಲಿ ಅವರ ಪೀಠ ಜಿಲ್ಲಾ ವೇದಿಕೆಯ ಆದೇಶವನ್ನೇ ಸ್ಥಿರಪಡಿಸಿತು. ಮಲೇರಿಯಾ ಇದ್ದವರಿಗೆ ಟೈಫಾಯಿಡಿನ ಔಷಧಿ ಕೊಟ್ಟದ್ದನ್ನು ತಪ್ಪೆಂದು ಹೇಳಲು ತಜ್ಞರು ಬೇಕಿಲ್ಲ. ವಿಷಯ ಜಟಿಲವಾದಲ್ಲಿ ಮಾತ್ರ ತಜ್ಞಾಭಿಪ್ರಾಯ ಪಡೆಯಬಹುದು, ಎಲ್ಲ ದೂರಿಗೂ ಯಾಂತ್ರಿಕವಾಗಿ ಅದನ್ನು ಬೇಡಕೂಡದು ಎಂದಿತು. ಅದಕ್ಕೆ ಒಂದು ವರ್ಷ ಮೊದಲು, 2009ರಲ್ಲಿ, ಅದೇ ನ್ಯಾಯಾಲಯದ ಮತ್ತೊಂದು ಪೀಠ ತಜ್ಞರ ಅಭಿಪ್ರಾಯವಿಲ್ಲದೆ ವೈದ್ಯರಿಗೆ ನೋಟಿಸನ್ನೇ ಕೊಡಬಾರದೆಂದಿತ್ತು. 2010ರ ಪೀಠ ಅದನ್ನು ಸಾರ್ವತ್ರಿಕ ನಿಯಮವೆಂದು ಒಪ್ಪಲಿಲ್ಲ. 2002ರ ಸಾವಿಗೆ 2010ರಲ್ಲಿ ಎರಡು ಲಕ್ಷ. ಮೊತ್ತದ ಬಗ್ಗೆ ನಾನು ಏನೂ ಹೇಳಲಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಅಳೆಯಲು ಇನ್ನೊಂದು ತಕ್ಕಡಿಯಿದೆ. ನ್ಯೂಯಾರ್ಕ್ ಬಂದರಿನಲ್ಲಿ ಕಟ್ಟು ಬಿಚ್ಚಿಕೊಂಡು ಮುಳುಗಿದ ದೋಣಿಯೊಂದರ ವ್ಯಾಜ್ಯದಲ್ಲಿ ಅಮೆರಿಕದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ 1947ರಲ್ಲಿ ಹೇಳಿದ್ದು: ಮುನ್ನೆಚ್ಚರಿಕೆಗೆ ತಗಲುವ ವೆಚ್ಚ, ಅಪಾಯದ ಸಂಭಾವ್ಯತೆಯನ್ನು ಅದರಿಂದಾಗುವ ನಷ್ಟದಿಂದ ಗುಣಿಸಿದ ಮೊತ್ತಕ್ಕಿಂತ ಕಡಿಮೆಯಿದ್ದೂ ಮುನ್ನೆಚ್ಚರಿಕೆ ವಹಿಸದಿದ್ದರೆ ಅದು ನಿರ್ಲಕ್ಷ್ಯ. ಇದನ್ನು ರೋಗನಿರ್ಣಯಕ್ಕೆ ಅನ್ವಯಿಸಿದಂತಿರುವ ತೀರ್ಪು 1974ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟಿನಿಂದ ಬಂತು. 32ರ ಹರೆಯದ ಮಹಿಳೆಯೊಬ್ಬರು ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿದ್ದರು. 40 ದಾಟದವರಿಗೆ ಕಣ್ಣಿನ ಒತ್ತಡದ ಪರೀಕ್ಷೆ ಮಾಡುವ ವಾಡಿಕೆ ನಮ್ಮ ವೃತ್ತಿಯಲ್ಲಿಲ್ಲವೆಂದು ನೇತ್ರವೈದ್ಯರು ವಾದಿಸಿದರು. ಅದು ನಿಜವೂ ಆಗಿತ್ತು. ಪರೀಕ್ಷೆ ಸರಳ, ಅಗ್ಗ, ನಿರಪಾಯಕಾರಿ. ವಾಡಿಕೆಯಿಲ್ಲವೆಂಬುದು ನೆಪವಾಗದು ಎಂದಿತು ನ್ಯಾಯಾಲಯ. ವೈದ್ಯ ಸಮುದಾಯಕ್ಕೆ ಈ ತೀರ್ಪು ಇಂದಿಗೂ ಕಹಿ. ಅವರ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ತಲೆನೋವೆಂದು ಬಂದವರಿಗೆಲ್ಲ ಎಂಆರ್‌ಐ ಬರೆಯುವ ಆಸ್ಪತ್ರೆಗಳನ್ನು ಬೆಂಗಳೂರಿನವರು ಬಲ್ಲರು. ಸಂಭಾವ್ಯತೆ ತೀರ ಕಡಿಮೆಯಿದ್ದಾಗ ಮಾಡಿಸುವ ದುಬಾರಿ ಪರೀಕ್ಷೆ ಎಚ್ಚರವಲ್ಲ, ಸ್ವರಕ್ಷಣೆ ಅಥವಾ ವ್ಯಾಪಾರ. ನಮ್ಮಲ್ಲಿ ಅದರ ಬಿಲ್ಲು ಬಹುತೇಕ ರೋಗಿಯ ಜೇಬಿನಿಂದಲೇ ಸಂದಾಯವಾಗುತ್ತದೆ. ತಾನೇನು ಕೊಳ್ಳುತ್ತಿದ್ದೇನೆಂದು ಅರಿಯದೆ ಕೊಳ್ಳುವ ಗ್ರಾಹಕ ರೋಗಿ ಎಂಬುದನ್ನು ಕೆನೆತ್ ಆರೋ 1963ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದ್ದರು.

ಆದರೆ ಆ ರಾತ್ರಿಯ ಲೆಕ್ಕ ಹಾಕಿ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯ, ಸಿಗರೇಟು ಸೇದುವ ಗಂಡಸು, ಬೆವರು, ದವಡೆಯ ಸೆಳೆತ. ಮಧುಮೇಹಿಗಳಲ್ಲಿ ಹೃದಯಾಘಾತ ಎದೆನೋವಿನ ವೇಷ ತೊಡದೆ ಹೊಟ್ಟೆಯುರಿಯ ರೂಪದಲ್ಲಿ ಬರಬಹುದೆಂಬುದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಪಾಠ. ಹೃದಯಾಘಾತದ ಶಂಕೆಯಿದ್ದಲ್ಲಿ ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಎಲ್ಲೆಡೆ ಒಪ್ಪಿತವಾದ ಕ್ರಮ. ಯಂತ್ರ ಪಕ್ಕದ ಕೋಣೆಯಲ್ಲಿತ್ತು. ತಗಲುವ ಹಣ ಕೆಲವು ನೂರು ರೂಪಾಯಿ. ಇಸಿಜಿ ತೆಗೆದು, ಅದು ಸರಿಯಿದೆಯೆಂದು ಓದಿ ಕಳುಹಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸಹಜವಾಗಿಯೇ ಕಾಣುವುದುಂಟು. ಅಂಥ ಸಂದರ್ಭದಲ್ಲಿ ವೈದ್ಯರದು ಪ್ರಮಾದವೆಂದು ನಾನೇ ವಾದಿಸುತ್ತಿದ್ದೆ.

ಇಷ್ಟಾದರೂ ಕಾನೂನಿನಲ್ಲಿ ಇನ್ನೊಂದು ಮೆಟ್ಟಿಲಿದೆ. ನಿರ್ಲಕ್ಷ್ಯವನ್ನು ತೋರಿಸಿದರೆ ಸಾಲದು, ಹಾನಿಯಾದದ್ದು ಅದರಿಂದಲೇ ಎಂದು ತೋರಿಸಬೇಕು. 1966ರ ಹೊಸವರ್ಷದ ಬೆಳಿಗ್ಗೆ ಲಂಡನ್ನಿನ ಚೆಲ್ಸಿಯ ಆಸ್ಪತ್ರೆಗೆ ಮೂವರು ರಾತ್ರಿ ಕಾವಲುಗಾರರು ಬಂದರು. ಚಹಾ ಕುಡಿದಾಗಿನಿಂದ ವಾಂತಿ. ಸ್ವತಃ ಅಸ್ವಸ್ಥನಾಗಿದ್ದ ವೈದ್ಯ ಅವರನ್ನು ನೋಡಲೇ ಇಲ್ಲ. ಮನೆಗೆ ಹೋಗಿ ತಮ್ಮ ತಮ್ಮ ವೈದ್ಯರನ್ನು ಕರೆಸಿಕೊಳ್ಳಲಿ ಎಂದು ನರ್ಸಿಗೆ ಫೋನಿನಲ್ಲೇ ಹೇಳಿಬಿಟ್ಟ. ಚಹಾದಲ್ಲಿ ಆರ್ಸೆನಿಕ್ ಇತ್ತು. ಒಬ್ಬ ಅಂದೇ ಸತ್ತ. ನ್ಯಾಯಾಲಯ ನಿರ್ಲಕ್ಷ್ಯವಾಗಿದೆಯೆಂದು ಹೇಳಿತು, ಪರಿಹಾರ ಮಾತ್ರ ಕೊಡಲಿಲ್ಲ: ವೈದ್ಯ ನೋಡಿದ್ದರೂ ಪ್ರತಿವಿಷ ಸಕಾಲಕ್ಕೆ ಸಿಗುತ್ತಿರಲಿಲ್ಲವಂತೆ. 1987ರಲ್ಲಿ ಅಲ್ಲಿನ ಪರಮೋಚ್ಚ ಪೀಠದ ಮುಂದೆ ಬಂದದ್ದು ಮರದಿಂದ ಬಿದ್ದ 13 ವರ್ಷದ ಹುಡುಗನದು. ಸೊಂಟದ ಗಾಯವನ್ನು ಆಸ್ಪತ್ರೆ ಐದು ದಿನ ಗುರುತಿಸಲಿಲ್ಲ. ತಕ್ಷಣ ಗುರುತಿಸಿದ್ದರೆ ಪೂರ್ಣ ವಾಸಿಯಾಗುವ ಸಂಭವ ಶೇ 25 ಇತ್ತೆಂದು ತಿಳಿದಾಗ ಕೆಳ ನ್ಯಾಯಾಲಯ ನಷ್ಟದ ಕಾಲು ಭಾಗವನ್ನು ಕೊಡಿಸಿತ್ತು. ಮೇಲಿನ ಪೀಠ ಅದನ್ನೂ ಕಿತ್ತುಕೊಂಡಿತು. ಅರ್ಧಕ್ಕಿಂತ ಹೆಚ್ಚಿನ ಸಂಭಾವ್ಯತೆಯಿದ್ದರೆ ಪೂರ್ತಿ, ಕಡಿಮೆಯಿದ್ದರೆ ಸೊನ್ನೆ! ಶೇ 49ಕ್ಕೂ ಶೇ 51ಕ್ಕೂ ನಡುವೆ ಹೀಗೊಂದು ಕಂದಕ ತೋಡುವುದು ಸಂಭಾವ್ಯತೆಯ ಗಣಿತವನ್ನು ಸ್ವಲ್ಪವಾದರೂ ಕಲಿತವನಿಗೆ ವಿಚಿತ್ರವಾಗಿ ತೋರುತ್ತದೆ. ಉಳಿಯುವ ಅವಕಾಶವೂ ಒಂದು ಸ್ವತ್ತೇ ಅಲ್ಲವೆ?

ನನ್ನನ್ನು ಕಟ್ಟಿಹಾಕಿದ್ದೂ ಈ ಮೆಟ್ಟಿಲೇ. ಹೃದಯದ ರಕ್ತನಾಳ ಬಿಡಿಸುವ ಸೌಲಭ್ಯವಿದ್ದ ಆಸ್ಪತ್ರೆ ಆ ಊರಿನಿಂದ ಎರಡೂವರೆ ಗಂಟೆಯ ದಾರಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲಿ ಇತ್ತೋ ಇಲ್ಲವೋ. ಇಸಿಜಿ ಮಾಡಿದ್ದರೂ ಅವನು ಉಳಿಯುತ್ತಿದ್ದನೆ? ತಮ್ಮನ ಹೆಂಡತಿಗೆ ನಾನು ಹೇಳಿದೆ: 'ಸಾಬೀತು ಮಾಡುವುದು ಕಷ್ಟ. ವರ್ಷಗಟ್ಟಲೆ ಅಲೆಯಬೇಕು. ಬೇಡ.' ಅಧಿಕಾರದಲ್ಲಿರುವ ಅಣ್ಣ ಒತ್ತಡ ತಂದನೆಂಬ ಮಾತು ಬಂದೀತೆಂಬ ಅಳುಕೂ ಒಳಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಅವಳು ನನ್ನ ಮಾತನ್ನು ನಂಬಿದಳು. ಗ್ರಾಹಕ ಕಾಯ್ದೆಯ ಕಾಲಮಿತಿ ಎರಡು ವರ್ಷ. 2018ರ ಜನವರಿಗೆ ಅದು ಕಳೆಯಿತು. ವಿಳಂಬವನ್ನು ಮನ್ನಿಸುವ ಅವಕಾಶ ಕಾಯ್ದೆಯಲ್ಲಿದೆ. ಆದರೆ ಏನೆಂದು ಕಾರಣ ಬರೆಯುವುದು? ಆಯೋಗ ತೀರ್ಮಾನಿಸಬೇಕಾಗಿದ್ದ ಪ್ರಶ್ನೆಯನ್ನು ನಾನೇ ನ್ಯಾಯಾಧೀಶನಾಗಿ ತೀರ್ಮಾನಿಸಿಬಿಟ್ಟಿದ್ದೆ, ಅದೂ ಒಂದು ಪಕ್ಷದ ವಾದವನ್ನಷ್ಟೇ ಆಲಿಸಿ. ಇಲಾಖಾ ವಿಚಾರಣೆಯಲ್ಲಿ ಯಾವ ಅಧೀನ ನೌಕರನಿಗೂ ನಾನು ಮಾಡದ ಅನ್ಯಾಯವದು.

ಈಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ ಎನ್ನುವುದನ್ನೂ ಹೇಳಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಇದರ ಕಾನೂನಿನ ಪರಿಣಾಮವನ್ನು ಖಾಸಗಿಯವರು ಗಮನಿಸಿದಂತಿಲ್ಲ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ದಿನನಿತ್ಯ ನಡೆಯುವ ಕೆಲಸವನ್ನು ಅದೇ ಬೀದಿಯ ನರ್ಸಿಂಗ್ ಹೋಂ ಮಾಡದಿದ್ದರೆ, 'ಸಣ್ಣ ಊರಿನಲ್ಲಿ ಇಷ್ಟೇ ಸಾಧ್ಯ' ಎಂಬ ವಾದ ಇನ್ನು ನಿಲ್ಲದು. ಸಾಧಾರಣ ವೈದ್ಯನ ಅಳತೆಗೋಲು ಮೇಲಕ್ಕೇರಿದೆ. 'ನೋಡಿದ್ದರೂ ಉಳಿಯುತ್ತಿರಲಿಲ್ಲ' ಎಂಬ ವಾದವೂ ಅಷ್ಟೇ ಮಟ್ಟಿಗೆ ಸಡಿಲಗೊಂಡಿದೆ.

ಉಳಿದಿರುವ ದೊಡ್ಡ ತೊಡಕು ಕಾಗದದ್ದು. 2002ರ ವೈದ್ಯಕೀಯ ಮಂಡಳಿಯ ನಿಯಮಗಳೇ ಇಂದಿಗೂ ಜಾರಿಯಲ್ಲಿವೆ. 2023ರಲ್ಲಿ ಹೊರಡಿಸಿದ ಹೊಸ ನಿಯಮಗಳನ್ನು ಕೆಲವೇ ವಾರಗಳಲ್ಲಿ ತಡೆಹಿಡಿಯಲಾಯಿತು. ಅವುಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಆತನ ಪರವಾದವರು ದಾಖಲೆ ಕೇಳಿದರೆ 72 ಗಂಟೆಗಳಲ್ಲಿ ಕೊಡಬೇಕು. ಒಳರೋಗಿಗೆ ಇದು ಸರಿ. ಆದರೆ ರೋಗ ಕಣ್ತಪ್ಪುವುದು ಹೆಚ್ಚಾಗಿ ಹೊರರೋಗಿ ವಿಭಾಗದಲ್ಲಿ, ಮೂರು ನಿಮಿಷದ ಭೇಟಿಯಲ್ಲಿ. ಅಲ್ಲಿ ಉಳಿಯುವ ದಾಖಲೆ ರೋಗಿಯ ಕೈಗೆ ಕೊಟ್ಟ ಚೀಟಿ ಮಾತ್ರ. ವೈದ್ಯರು ಏನು ಕೇಳಿದರು, ಯಾವ ರೋಗಗಳ ಶಂಕೆ ಪಟ್ಟರು, ಯಾವುದನ್ನು ಏಕೆ ಕೈಬಿಟ್ಟರು, ಯಾವ ಲಕ್ಷಣ ಕಂಡರೆ ತಕ್ಷಣ ಹಿಂದಿರುಗಲು ಹೇಳಿದರು ಎಂಬ ನಾಲ್ಕು ಸಾಲು ಅದರಲ್ಲಿರಬೇಕೆಂದು ಸರ್ಕಾರ ಕಡ್ಡಾಯ ಮಾಡಬೇಕು. ನೂರು ರೋಗಿಗಳ ನಡುವೆ ಬರೆಯಲು ಸಮಯವೆಲ್ಲಿ ಎಂದು ನನ್ನ ವೈದ್ಯ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಎಚ್ಚರದಿಂದ ಕೆಲಸ ಮಾಡಿಯೂ ತಪ್ಪಿದ ವೈದ್ಯನನ್ನು ನಾಳೆ ಕಾಪಾಡುವುದು ಆ ನಾಲ್ಕು ಸಾಲುಗಳೇ. ಕೆರೆ ಏರಿಯ ಎಂಜಿನಿಯರರನ್ನು ಉಳಿಸಿದ್ದು ಅವರ ಟಿಪ್ಪಣಿಯೇ ಹೊರತು ನನ್ನ ಔದಾರ್ಯವಲ್ಲ.

ತಮ್ಮನ ಚೀಟಿ ನನ್ನ ಬೀರುವಿನಲ್ಲಿದೆ. ಅವನ ಹೆಸರು, ವಯಸ್ಸು, ಒಂದು ಚುಚ್ಚುಮದ್ದು, ಎರಡು ಬಗೆಯ ಮಾತ್ರೆ, 'ಮೂರು ದಿನ ಬಿಟ್ಟು ಬರುವುದು'. ರಕ್ತದೊತ್ತಡ ಬರೆದಿಲ್ಲ, ನಾಡಿಯನ್ನು ಬರೆದಿಲ್ಲ, ಸಕ್ಕರೆ ಕಾಯಿಲೆಯ ಪ್ರಸ್ತಾಪವಿಲ್ಲ, ಸಮಯವಿಲ್ಲ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಕಾನೂನಿನ ಉದ್ದೇಶಗಳಿಗೆ ಇದು ಮಾನ್ಯವಲ್ಲವೆಂದು ಅಚ್ಚಾಗಿದೆ. ಹಾಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅದರ ಸಾಕ್ಷ್ಯದ ಬೆಲೆ ಹೋಗುವುದಿಲ್ಲವೆಂಬುದು 2016ರಲ್ಲೂ ನನಗೆ ಗೊತ್ತಿತ್ತು.